ಹನ್ನೊಂದು ಸಲ ನೈಸ್

ಗಿರಣಿ ಅಕ್ಕನನ್ನು ಬೆಳಗಿನ ಹೊತ್ತು ಮೊದಲ ಸಲ ನೋಡಿದವರು ಆಕೆಗೆ ಎಪ್ಪತ್ತಾಗಿದೆ ಎಂದು ತಿಳಿದು ಎದ್ದು ಜಾಗ ಬಿಡುತ್ತಿದ್ದರು. ಹುಬ್ಬು, ರೆಪ್ಪೆ, ಕಿವಿ ಪಕ್ಕದ ಕೂದಲು ಎಲ್ಲವೂ ಬೆಳ್ಳಗೆ. ಸಂಜೆ ಮೋಟಾರು ನಿಲ್ಲಿಸಿ, ಹಿಂದಿನ ನಲ್ಲಿಯಲ್ಲಿ ಮುಖ ತೊಳೆದು ಬಂದಳೆಂದರೆ ಐವತ್ತೆರಡರ ಗಟ್ಟಿ ಹೆಂಗಸು. ಜಾಗ ಬಿಟ್ಟವರಿಗೆ ಮೋಸಹೋದ ಹಾಗೆ ಅನ್ನಿಸುತ್ತಿತ್ತು. ಮೋಸ ಮಾಡದೆಯೇ ಮೋಸ ಮಾಡಿದ ಹಾಗೆ ಕಾಣುವುದು ಆಕೆಗೂ ಖುಷಿಯೇ.

ಗಿರಣಿ ಇದ್ದದ್ದು ಅಂಗಡಿ ಬೀದಿಯ ಮೂಲೆಯಲ್ಲಿ. ರಸ್ತೆಗೆ ಪೂರ್ತಿ ತೆರೆದ ಒಂದೇ ಕೋಣೆ. ಎಡಗಡೆ ತರಿ ಒಡೆಯುವ ಯಂತ್ರ, ಬಲಗಡೆ ನುಣ್ಣಗೆ ಬೀಸುವ ಯಂತ್ರ, ನಡುವೆ ತಕ್ಕಡಿ, ಗೋಡೆಯ ಉದ್ದಕ್ಕೂ ಗಿರಾಕಿಗಳ ಡಬ್ಬಗಳ ಸಾಲು. ಬೆಲ್ಟು ಪಟಪಟ ಹೊಡೆದುಕೊಳ್ಳುವ ಸದ್ದಿನಲ್ಲಿ ಮಾತಾಡಿ ಮಾತಾಡಿ, ಅಕ್ಕನ ಪಿಸುಮಾತೂ ಎದುರಿನ ಅಂಗಡಿಗೆ ಮುಟ್ಟುತ್ತಿತ್ತು. ಹಿಂದೆ ಎಣ್ಣೆಯ ಡಬ್ಬಿ ಹಿಡಿದುಕೊಂಡು ಆಕೆಯ ಗಂಡ. ಯಂತ್ರ ರಿಪೇರಿ ಅವರ ಪಾಲು, ಮಾತು ಈಕೆಯ ಪಾಲು. ಅವರಿಗೆ ಕಿವಿ ಮಂದ ಎಂದು ಬೀದಿಯೆಲ್ಲ ನಂಬಿತ್ತು. ಅರ್ಧ ಮಂದವಾದದ್ದು ಮೋಟಾರಿನಿಂದ, ಉಳಿದರ್ಧ ಅವರ ಸ್ವಂತ ಇಷ್ಟದಿಂದ.

ಅಕ್ಕ ಓದಿದ್ದು ಏಳನೇ ಕ್ಲಾಸು. ಇಂಗ್ಲಿಷಿನಲ್ಲಿ ಆಕೆಗೆ ಗೊತ್ತಿದ್ದ ಪದಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು. ಆದರೆ ಅವುಗಳಲ್ಲಿ ಒಂದನ್ನು ಮಾತ್ರ ಆಕೆ ಇಂಗ್ಲಿಷರೇ ಬಂದು ಕಲಿಯಬೇಕು ಅನ್ನುವಷ್ಟು ಚೆನ್ನಾಗಿ ಬಳಸುತ್ತಿದ್ದಳು. ಅದು ನೈಸ್. ಡಬ್ಬ ಇಳಿಸಿದವರಿಗೆ ಮೊದಲ ಪ್ರಶ್ನೆ, "ತರಿನಾ, ನೈಸಾ?" ಬೀಸಿದ ಹಿಟ್ಟನ್ನು ಹೆಬ್ಬೆಟ್ಟು ತೋರುಬೆರಳ ನಡುವೆ ತಿಕ್ಕಿ, "ನೈಸಾಗಿದೆ, ತಗೊಂಡ್ ಹೋಗಿ." ಕರೆಂಟು ಹೋದರೆ ಲೈನ್‌ಮನ್ ಹತ್ತಿರ ಹೋಗಿ, ಅವನ ಮಗಳ ಮದುವೆ, ತಾಯಿಯ ಮಂಡಿನೋವು ಎಲ್ಲ ವಿಚಾರಿಸಿ, ಅವನನ್ನು ನೈಸ್ ಮಾಡಿ, ಉಳಿದ ಬೀದಿಗಿಂತ ಕಾಲು ಗಂಟೆ ಮೊದಲೇ ತನ್ನ ಲೈನು ಸರಿಮಾಡಿಸಿಕೊಳ್ಳುತ್ತಿದ್ದಳು. ಬೇಡದ ನೆಂಟರು ಮುಂಬಾಗಿಲಿಗೆ ಬಂದರೆ ಹಿಂಬಾಗಿಲಿಂದ ನೈಸಾಗಿ ಜಾರಿಕೊಳ್ಳುವುದೂ ಆಕೆಗೆ ಬರುತ್ತಿತ್ತು.

ಹಾಗಾಗಿ ಹಳೆಯ ಬೋರ್ಡು ತುಕ್ಕು ಹಿಡಿದು ಉದುರತೊಡಗಿದಾಗ, ಹೊಸದಕ್ಕೆ ಏನು ಬರೆಯಬೇಕೆಂದು ಆಕೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಹಳದಿ ಹಿನ್ನೆಲೆ, ಕೆಂಪು ಅಕ್ಷರ: ನೈಸ್ ಹಿಟ್ಟಿನ ಗಿರಣಿ.

ಬೋರ್ಡು ಏರಿಸಿದ ಎರಡನೇ ದಿನ ಮೇಷ್ಟ್ರು ಬಂದರು. ಇವರು ಹೈಸ್ಕೂಲಿನಲ್ಲಿ ಮೂವತ್ನಾಲ್ಕು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ವಾರಕ್ಕೊಮ್ಮೆ ಗೋಧಿಯ ಡಬ್ಬ ಹೊತ್ತು ಬರುವುದು, ಹಿಟ್ಟಾಗುವ ತನಕ ಬೆಂಚಿನ ಮೇಲೆ ಕೂತು ಪೇಪರಿನ ತಪ್ಪು ಹುಡುಕುವುದು ಅವರ ನಿಯಮ. ಅವತ್ತು ಡಬ್ಬವನ್ನು ರಸ್ತೆಯಲ್ಲೇ ಇಳಿಸಿ, ಕತ್ತೆತ್ತಿ ಬೋರ್ಡನ್ನು ಓದಿ, ಕನ್ನಡಕ ತೆಗೆದು ಒರೆಸಿ, ಇನ್ನೊಮ್ಮೆ ಓದಿ ನಗತೊಡಗಿದರು. ಸದ್ದಿಲ್ಲದ ನಗು. ಭುಜ ಮಾತ್ರ ಕುಣಿಯುತ್ತಿತ್ತು.

"ಯಾಕ್ ಮೇಷ್ಟ್ರೇ, ಅಕ್ಷರ ತಪ್ಪಾಗಿದ್ಯಾ?"

"ಅಕ್ಷರ ಸರಿಯಾಗೇ ಇದೆ ಕಣಮ್ಮ. ಬೇಡ ಬಿಡು. ಬೇಜಾರು ಮಾಡ್ಕೋತೀಯ."

ಹೀಗಂದ ಮೇಲೆ ಅಕ್ಕ ಬಿಡುವವಳೇ? ಮೋಟಾರು ನಿಲ್ಲಿಸಿದಳು. ಆ ಗಿರಣಿಯಲ್ಲಿ ಹಗಲು ಹೊತ್ತು ಮೋಟಾರು ನಿಂತರೆ ಯಾರೋ ಸತ್ತಿರಬೇಕು, ಇಲ್ಲವೇ ಕರೆಂಟು ಹೋಗಿರಬೇಕು. ಗಂಡ ಹಿಂದಿನಿಂದ ಇಣುಕಿ ನೋಡಿದರು.

ಮೇಷ್ಟ್ರು ಬೆಂಚಿನ ಮೇಲೆ ಕೂತು ಶುರುಮಾಡಿದರು. "ಈ ಪದದ ಮೇಲೆ ನನಗೆ ಹಳೇ ಹಗೆ. ಮಕ್ಕಳು ಪ್ರಬಂಧ ಬರೆದ್ರೆ ಅಪ್ಪ ನೈಸ್, ಹಸು ನೈಸ್, ಪ್ರವಾಸ ನೈಸ್, ಮಳೆ ನೈಸ್. ಕೆಂಪು ಶಾಯಿಯಲ್ಲಿ ಹೊಡೆದೂ ಹೊಡೆದೂ ಬೆರಳು ದಪ್ಪ ಆಯ್ತು. ಈ ಪದ ಹುಟ್ಟಿದ್ದೆಲ್ಲಿ ಗೊತ್ತಾ? ಲ್ಯಾಟಿನ್ ಅಂತ ಒಂದು ಹಳೇ ಭಾಷೆ. ಅದ್ರಲ್ಲಿ 'ನೆ' ಅಂದ್ರೆ ಇಲ್ಲ. 'ಸ್ಕೀರೆ' ಅಂದ್ರೆ ತಿಳಿಯೋದು. ಎರಡೂ ಸೇರಿದ್ರೆ ಏನೂ ತಿಳೀದವನು. ಅದು ಫ್ರೆಂಚಿಗೆ ಹೋಗಿ, ಅಲ್ಲಿಂದ ಏಳುನೂರು ವರ್ಷದ ಹಿಂದೆ ಇಂಗ್ಲಿಷಿಗೆ ಬಂತು. ಬಂದಾಗ ನೈಸ್ ಅಂದ್ರೆ ಪೆದ್ದ."

ಅಕ್ಕ ಬೋರ್ಡಿನ ಕಡೆ ನೋಡಿದಳು. ಒಳಗಿನಿಂದ ಅದರ ಹಿಂಬದಿ ಮಾತ್ರ ಕಾಣುತ್ತಿತ್ತು.

"ಅಂದ್ರೆ ನಾನು ಬರೆಸಿರೋದು ಪೆದ್ದ ಹಿಟ್ಟಿನ ಗಿರಣಿ."

"ಆಗಿನ ಲೆಕ್ಕದಲ್ಲಿ ಹೌದು. ಆಮೇಲೆ ಅದು ನಾಚಿಕೆ ಸ್ವಭಾವದವನು ಆಯ್ತು. ಆಮೇಲೆ ಎಲ್ಲದಕ್ಕೂ ಮೂಗು ಮುರಿಯೋನು. ಆಮೇಲೆ ತುಂಬಾ ನಾಜೂಕು, ಕರಾರುವಾಕ್ಕು. ಒಳ್ಳೇದು, ಹಿತವಾದದ್ದು ಅನ್ನೋ ಅರ್ಥ ಬಂದು ಇನ್ನೂರೈವತ್ತು ವರ್ಷ ಆಗಿರಬಹುದು ಅಷ್ಟೆ."

"ಪೆದ್ದನಿಂದ ಒಳ್ಳೆಯವನಾಗೋಕೆ ನಾನೂರೈವತ್ತು ವರ್ಷ," ಅಂದಳು ಅಕ್ಕ. "ನಮ್ಮ ನಾದಿನಿ ಗಂಡನಿಗೆ ಇನ್ನೂ ಟೈಮಿದೆ ಹಾಗಾದ್ರೆ."

ಮೇಷ್ಟ್ರ ಭುಜ ಮತ್ತೆ ಕುಣಿಯಿತು. "ಅವರು ಅಷ್ಟು ವರ್ಷ ಒದ್ದಾಡಿದ್ರು. ನಮ್ಮವರ ಕೈಗೆ ಸಿಕ್ಕಿದ್ದೇ ತಡ, ಒಂದೇ ತಲೆಮಾರಲ್ಲಿ ಅದನ್ನ ಹಿಟ್ಟು ಮಾಡಿ, ಪುಸಲಾಯಿಸಿ, ಹಿಂಬಾಗಿಲಿಂದ ಕಳಿಸಿಬಿಟ್ರು."

ಬೋರ್ಡು ಇಳಿಸಿಬಿಡಬಹುದಿತ್ತು. ಅಕ್ಕ ಇಳಿಸಲಿಲ್ಲ. ಆವತ್ತು ಸಂಜೆ ಗಂಡನ ಹತ್ತಿರ ಹೇಳಿದಳು, "ರೀ, ನಲವತ್ತು ವರ್ಷ ಈ ಪದ ನನ್ನ ಬಾಯಲ್ಲೇ ಇತ್ತು, ಇದಕ್ಕೆ ಇಷ್ಟು ಚೂಪಾದ ಹಲ್ಲಿದೆ ಅಂತ ಗೊತ್ತೇ ಇರಲಿಲ್ಲ." ಗಂಡನಿಗೆ ಆ ಮಾತು ಸ್ಪಷ್ಟವಾಗಿ ಕೇಳಿಸಿತು.

ಮರುದಿನದಿಂದ ಬೀದಿಯಲ್ಲಿ ಅಕ್ಕನ ಹೊಗಳಿಕೆ ಹೆಚ್ಚಾಯಿತು. ಸಾಲು ಮುರಿದು ಮುಂದೆ ನುಗ್ಗಿ, "ನಂದೊಂದು ಸ್ವಲ್ಪ ಬೇಗ" ಅನ್ನುವ ಔಷಧಿ ಅಂಗಡಿಯವನಿಗೆ, "ನೀವು ತುಂಬಾ ನೈಸ್ ಬಿಡಿ" ಅಂದಳು. ಅವನು ಹಲ್ಲು ಕಿರಿದು ಹಿಂದಕ್ಕೆ ಹೋಗಿ ನಿಂತ. ಯಂತ್ರದ ಸದ್ದು ಅಳೆಯುತ್ತೇನೆಂದು ಬಂದು, ಅಳೆಯುವ ಡಬ್ಬಿಯ ಗುಂಡಿ ಯಾವುದೆಂದು ತಿಳಿಯದೆ ಅರ್ಧ ಗಂಟೆ ತಡಕಾಡಿದ ಅಧಿಕಾರಿಗೆ, "ನಿಮ್ಮಷ್ಟು ನೈಸ್ ಆಫೀಸರ್ ಇಲ್ಲಿಗೆ ಬಂದೇ ಇರಲಿಲ್ಲ" ಅಂದಳು. ಅವರು ಕುಡಿಯಲು ನೀರು ಕೇಳಿ, ಸಂತೋಷವಾಗಿ ಹೋದರು. ನಾದಿನಿ ಹೊಸ ಪರ್ಸು ತೋರಿಸಲು ಬಂದು, ಅದರ ಕೊಕ್ಕೆ ಹೇಗೆ ತೆಗೆಯುವುದೆಂದು ಗೊತ್ತಾಗದೆ ಹೆಣಗಾಡಿದಾಗ, "ನೀನು ನೈಸ್ ಕಣೇ, ನಿನ್ನ ಗಂಡ ನಿನಗಿಂತ ನೈಸ್" ಅಂದಳು. ಒಳಗೆ ನಟ್ಟು ಬಿಗಿಯುತ್ತಿದ್ದ ಗಂಡ ಕೆಮ್ಮಿದರು. ಸ್ವಂತ ತಂಗಿಯ ವಿಷಯವಾದರೂ ಅವರು ತಡೆಯಲು ಬರಲಿಲ್ಲ.

ಇಷ್ಟರಲ್ಲಿ ಅಧ್ಯಕ್ಷರ ಸನ್ಮಾನ ಬಂತು.

ಅಧ್ಯಕ್ಷರೆಂದರೆ ಅಂಗಡಿಕಾರರ ಸಂಘದ ಅಧ್ಯಕ್ಷರು. ಗಿರಣಿಯ ಎದುರಿಗೇ ಅವರ ಚಪ್ಪಲಿ, ಷೂ ಅಂಗಡಿ. ಇಪ್ಪತ್ತು ವರ್ಷದಿಂದ ಅವರೇ ಅಧ್ಯಕ್ಷರು, ಯಾಕೆಂದರೆ ಸಂಘದ ಮೀಟಿಂಗ್ ಹಾಲಿನ ಬೀಗದ ಕೈ ಇಟ್ಟುಕೊಳ್ಳಲು ಬೇರೆ ಯಾರೂ ಒಪ್ಪಿರಲಿಲ್ಲ. ಅವರಿಗೂ ಅಕ್ಕನಿಗೂ ಒಂದು ತಕರಾರಿತ್ತು. ಗಿರಣಿಯ ಹಿಟ್ಟಿನ ಧೂಳು ರಸ್ತೆ ದಾಟಿ, ಗಾಜಿನ ಸಂದಿಯಲ್ಲಿ ನುಸುಳಿ, ಸಾಲಾಗಿ ಜೋಡಿಸಿದ ಕರಿ ಷೂಗಳ ಮೇಲೆ ಕೂರುತ್ತಿತ್ತು. ಬೆಳಗ್ಗೆ ಕರಿ ಷೂ, ಮಧ್ಯಾಹ್ನ ಬೂದು, ಸಂಜೆಗೆ ಬಿಳಿ. ಗಿರಣಿಯನ್ನು ಹಿಂದಿನ ಓಣಿಗೆ ಸಾಗಿಸಬೇಕೆಂದು ಅವರು ಸಂಘದಲ್ಲಿ ಒಂದು ಅರ್ಜಿ ಹಾಕಿದ್ದರು. ಅದರ ತೀರ್ಮಾನ ಇನ್ನೂ ಆಗಿರಲಿಲ್ಲ.

ಇಪ್ಪತ್ತು ವರ್ಷ ತುಂಬಿದ ನೆಪದಲ್ಲಿ ಸನ್ಮಾನ. ಬೀದಿಯ ಹಳೇ ಅಂಗಡಿಯವಳೆಂದು ಅಕ್ಕ ನಾಲ್ಕು ಒಳ್ಳೆಯ ಮಾತಾಡಬೇಕೆಂದು ಸಂಘದವರು ಹೇಳಿಹೋದರು.

ಮೇಷ್ಟ್ರು ಆ ವಾರ ಡಬ್ಬ ಇಳಿಸುತ್ತಿದ್ದಂತೆ ಅಕ್ಕ ಹಿಡಿದಳು. "ಮೇಷ್ಟ್ರೇ, ಹೊಗಳೋಣ ಅಂದ್ರೆ ಬಾಯಿ ಬರಲ್ಲ. ಇದ್ದದ್ದು ಹೇಳೋಣ ಅಂದ್ರೆ ಗಿರಣಿ ಹಿಂದಿನ ಓಣಿ ಸೇರುತ್ತೆ. ಕೇಳೋರಿಗೆ ಹೊಗಳಿಕೆ, ಹೇಳೋರಿಗೆ ನಿಜ, ಅಂಥದ್ದೊಂದು ಬರ್ಕೊಡಿ."

"ನೈಸ್ ಅನ್ನೋ ಪದ ಇಟ್ಟಾ?"

"ಮತ್ತಿನ್ಯಾವುದು."

"ನೋಡಮ್ಮ, ಮೂವತ್ನಾಲ್ಕು ವರ್ಷ ಆ ಪದ ಹೊಡೆದು ಹಾಕಿದ ಕೈ ಇದು. ಇದರಲ್ಲಿ ಅದನ್ನ ಬರೆಯಲ್ಲ," ಎಂದು ಮೇಷ್ಟ್ರು ಮುಖ ಗಂಟು ಹಾಕಿಕೊಂಡು ಪೇಪರು ಬಿಡಿಸಿದರು. ಆದರೆ ಅವತ್ತು ಅವರು ಪೇಪರಿನಲ್ಲಿ ಒಂದೂ ತಪ್ಪು ಹುಡುಕಲಿಲ್ಲ. ಕಣ್ಣು ಒಂದೇ ಸಾಲಿನ ಮೇಲೆ ನಿಂತಿತ್ತು. ಮರುದಿನ, ಡಬ್ಬವಿಲ್ಲದೆ, ಬರೀ ಕೈಯಲ್ಲಿ ಬಂದರು. ಜೇಬಿನಿಂದ ನಾಲ್ಕಾಗಿ ಮಡಿಸಿದ ಕಾಗದ ತೆಗೆದು ತಕ್ಕಡಿಯ ತಟ್ಟೆಯಲ್ಲಿಟ್ಟರು. "ಹನ್ನೊಂದು ಸಲ ಬರುತ್ತೆ. ನಿಧಾನಕ್ಕೆ ಓದು. ನಗಬೇಡ. ನಕ್ಕರೆ ಇಬ್ಬರೂ ಹೋದ್ವಿ."

ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ನೂರೈವತ್ತು ಜನ ಸೇರಿದ್ದರು. ಮೈಕು ಎರಡು ಸಲ ಕಿರುಚಿ ಸುಮ್ಮನಾಯಿತು. ಮೇಷ್ಟ್ರು ಮೂರನೇ ಸಾಲಿನಲ್ಲಿ ಕರವಸ್ತ್ರ ಹಿಡಿದು ಕೂತಿದ್ದರು. ಅಕ್ಕನ ಗಂಡ ಎಡ ಜೇಬಿನಲ್ಲಿ ಹನ್ನೊಂದು ನಟ್ಟುಗಳನ್ನು ಹಾಕಿಕೊಂಡು ಬಂದಿದ್ದರು. ಹೆಂಡತಿ ಒಂದು ನೈಸ್ ಅಂದರೆ ಒಂದು ನಟ್ಟು ಬಲ ಜೇಬಿಗೆ.

ಅಕ್ಕ ಮುಖ ತೊಳೆದುಕೊಂಡು, ಐವತ್ತೆರಡರ ಮುಖದಲ್ಲೇ ನಿಂತಳು.

"ನಮ್ಮ ಅಧ್ಯಕ್ಷರು ಹುಟ್ಟಾ ನೈಸ್. ಬೀದಿ ದೀಪ ಕೆಟ್ಟು ಮೂರು ತಿಂಗಳಾದ್ರೂ ಅವರು ನೈಸಾಗೇ ಇದ್ರು. ಚರಂಡಿ ತುಂಬಿ ಹರಿದಾಗ ಬಂದು, ನೋಡಿ, ನೈಸಾಗಿ ಹೋದ್ರು. ಈ ಹಾಲಿನ ಬೀಗದ ಕೈ ಮೂರು ಸಲ ಕಳೆದಿದ್ದಾರೆ, ಮೂರು ಸಲಾನೂ ನೈಸಾಗಿ ಕಳೆದಿದ್ದಾರೆ. ಸಭೆ ಅಂತ ಕರೆದು, ತಾವೇ ಮರೆತು ಬರದೇ ಇದ್ದದ್ದೂ ಉಂಟು. ಅಷ್ಟು ನೈಸ್. ಇಷ್ಟು ನೈಸ್ ಮನುಷ್ಯರು ಈ ಬೀದಿಯಲ್ಲಿ ಇನ್ನೊಬ್ಬರಿಲ್ಲ. ಇದ್ರೆ ಬೀದಿ ತಡ್ಕೊಳ್ಳಲ್ಲ."

ಹೀಗೇ ಇನ್ನೂ ಐದು ನೈಸ್ ಬಂದವು. ಜನ ಚಪ್ಪಾಳೆ ತಟ್ಟಿದರು. ಅಕ್ಕನ ತಮಾಷೆಯ ಮಾತು ಅವರಿಗೆ ಹೊಸದೇನಲ್ಲ, ಪ್ರೀತಿಯಿಂದ ಕಾಲೆಳೆಯುತ್ತಿದ್ದಾಳೆ ಅಂದುಕೊಂಡರು. ಮೇಷ್ಟ್ರು ಕರವಸ್ತ್ರದೊಳಗೆ ಕೆಮ್ಮುತ್ತಿದ್ದರು. ಪಕ್ಕದವರು ಅವರಿಗೆ ನೀರು ತಂದುಕೊಟ್ಟರು. ಕೊನೆಯ ನಟ್ಟು ಬಲ ಜೇಬಿಗೆ ಬಿದ್ದಾಗ ಅಕ್ಕ ಕೈಮುಗಿದು ಕೆಳಗಿಳಿದಳು.

ಆಮೇಲೆ ಅಧ್ಯಕ್ಷರು ಎದ್ದರು. ದಪ್ಪ ಮನುಷ್ಯ, ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ನನಗೆ ಮಾತಾಡೋಕೆ ಬರಲ್ಲ. ನಮ್ಮಪ್ಪ ನನ್ನನ್ನ ದಡ್ಡ ಅಂತಾನೇ ಕರೀತಿದ್ರು. ಹೆಸರು ಹಿಡಿದು ಕರೆದಿದ್ದು ನೆನಪೇ ಇಲ್ಲ. ದಡ್ಡ, ಊಟಕ್ಕೆ ಬಾ. ದಡ್ಡ, ಅಂಗಡಿ ಬಾಗಿಲು ತೆಗಿ. ಅವರು ಹೋದ್ಮೇಲೂ ಕಿವಿಯಲ್ಲಿ ಅದೇ ಇತ್ತು. ಅರವತ್ತು ವರ್ಷಕ್ಕೆ ಇವತ್ತು ಒಬ್ಬರು ಎಲ್ಲರ ಮುಂದೆ ನನ್ನನ್ನ ನೈಸ್ ಅಂದ್ರು. ಅದೂ ಅಷ್ಟು ಸಲ." ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡರು. "ಗಿರಣಿ ವಿಷಯದ ಅರ್ಜಿ ನಾನು ವಾಪಸ್ ತಗೋತೀನಿ."

ವೇದಿಕೆಯಿಂದ ಇಳಿದು ನೇರ ಅಕ್ಕನ ಹತ್ತಿರ ಬಂದು, "ಆ ಕಾಗದ ನನಗೆ ಕೊಡ್ತೀರಾ?" ಎಂದು ಕೇಳಿದರು. ಅಕ್ಕ ಕೊಟ್ಟಳು. ಕೊಡದೆ ಇರಲು ಏನು ಕಾರಣ ಹೇಳುವುದು? ಮೂರನೇ ಸಾಲಿನಲ್ಲಿ ಕೆಮ್ಮು ನಿಂತುಹೋಗಿತ್ತು.

ಮುಂದಿನ ವಾರ ಅಕ್ಕನ ಕೈ ಸರಿಯಿರಲಿಲ್ಲ. ನೈಸ್ ಕೇಳಿದವರಿಗೆ ತರಿ ಹೋಯಿತು, ತರಿ ಕೇಳಿದವರಿಗೆ ಧೂಳಿನಂಥ ಹಿಟ್ಟು ಹೋಯಿತು. ಒಬ್ಬರ ಡಬ್ಬ ಇನ್ನೊಬ್ಬರ ಮನೆ ಸೇರಿತು. ತಲೆಯೆತ್ತಿದರೆ ಎದುರಿಗೆ ಷೂ ಅಂಗಡಿ. ಆ ಅಂಗಡಿಯ ಗಾಜಿನ ಮೇಲೆ ಬುಧವಾರ ಪೇಂಟರು ಏಣಿ ಹಾಕಿ ಬರೆದ: ನೈಸ್ ಷೂ ಸೆಂಟರ್. ಅಕ್ಷರಗಳು ಅಕ್ಕನ ಬೋರ್ಡಿನದಕ್ಕಿಂತ ದೊಡ್ಡವು.

"ಮೇಷ್ಟ್ರೇ, ಹೋಗಿ ಹೇಳಿಬಿಡೋಣ. ನೀವೇ ಬರೆದಿದ್ದು, ನೀವೇ ಹೇಳಿ."

"ಬರೆದವನು ನಾನು, ಓದಿದವಳು ನೀನು. ಮಾತಿಗೆ ಆಡಿದವರೇ ಹೊಣೆ."

"ಹಾಗಾದ್ರೆ ಜೊತೆಗಾದ್ರೂ ಬನ್ನಿ."

"ಬರ್ತೀನಿ. ಮನೆಗೆ ಹೋಗಿ ಡಬ್ಬ ಇಟ್ಟು ಬರ್ತೀನಿ," ಎಂದು ಹೋದವರು ಎರಡು ದಿನ ಆ ಕಡೆ ತಲೆ ಹಾಕಲಿಲ್ಲ.

ಕೊನೆಗೆ ಅಕ್ಕ ಒಬ್ಬಳೇ ರಸ್ತೆ ದಾಟಿದಳು. ಇಪ್ಪತ್ತೊಂಬತ್ತು ವರ್ಷ ಎದುರಿಗಿದ್ದೂ ಆ ಅಂಗಡಿಯ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಹೊಸ ಚರ್ಮದ, ಅಂಟಿನ ವಾಸನೆ. ಗೋಡೆ ತುಂಬ ರಟ್ಟಿನ ಪೆಟ್ಟಿಗೆಗಳು. ಅಧ್ಯಕ್ಷರು ಮೋಟು ಸ್ಟೂಲಿನ ಮೇಲೆ ಕೂತು ಒಂದು ಬ್ರಷ್ಷಿನಿಂದ ಷೂಗಳ ಮೇಲಿನ ಹಿಟ್ಟು ಒರೆಸುತ್ತಿದ್ದರು.

"ಕೂತ್ಕೊಳ್ಳಿ ಅಕ್ಕ. ಯಾವ ಸೈಜು?"

"ಸೈಜಲ್ಲ ಅಧ್ಯಕ್ಷರೇ. ಒಂದು ವಿಷಯ ಇತ್ತು. ನಾನು ಆವತ್ತು ನೈಸ್ ಅಂದೆನಲ್ಲ, ಆ ಪದಕ್ಕೆ ಹಿಂದೆ ಒಂದು ಕಾಲದಲ್ಲಿ..."

"ಪೆದ್ದ ಅಂತ ಅರ್ಥ," ಅಂದರು ಅಧ್ಯಕ್ಷರು, ಬ್ರಷ್ಷು ಆಡಿಸುತ್ತಲೇ.

ಅಕ್ಕ ಗಿರಾಕಿಗಳ ಬೆಂಚಿನ ಮೇಲೆ ಕೂತುಬಿಟ್ಟಳು.

"ಮನೆಗೆ ಹೋಗಿ ಕಾಗದ ಓದಿ ತೋರಿಸಿದೆ. ನಮ್ಮ ಹುಡುಗಿ ಕಾಲೇಜಿಗೆ ಹೋಗ್ತಾಳಲ್ಲ, ಯಾಕಪ್ಪಾ ಇಷ್ಟು ಸಲ ಇದೆ ಈ ಪದ ಅಂತ ಫೋನಲ್ಲಿ ಹುಡುಕಿದ್ಲು. ಎಲ್ಲ ಓದಿ ಹೇಳಿದ್ಲು. ಒಂದು ಮಧ್ಯಾಹ್ನ ಪೂರ್ತಿ ಕೋಪದಲ್ಲಿದ್ದೆ ಅಕ್ಕ. ಬಾಗಿಲು ಎಳ್ಕೊಂಡು ಒಳಗೆ ಮಲಗಿದ್ದೆ."

"ತಪ್ಪಾಯ್ತು," ಅಂದಳು ಅಕ್ಕ. ಆಕೆಯ ಜೀವನದಲ್ಲೇ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದು ಅದೊಂದೇ ಸಲ ಇರಬೇಕು.

"ಪೂರ್ತಿ ಕೇಳಿ. ಸಂಜೆ ಬಾಗಿಲು ತೆಗೆದೆ. ಎದುರಿಗೆ ಔಷಧಿ ಅಂಗಡಿಯವರು ಬಂದು, ಏನು ನೈಸ್ ಸಾರ್, ಚೆನ್ನಾಗಿದೀರಾ ಅಂದ್ರು. ಹಣ್ಣಿನವಳು, ನೈಸಣ್ಣ ಅಂದ್ಲು. ಅವರು ಯಾರೂ ನನ್ನ ಬಯ್ದಿಲ್ಲ. ಕಾಗದದ ಅಕ್ಷರ ನೋಡಿದ್ರೇ ಗೊತ್ತಾಗುತ್ತೆ, ಬಯ್ದಿರೋರು ಮೇಷ್ಟ್ರು, ನೀವು. ನಿಮ್ಮ ಯಜಮಾನ್ರೂ ಸೇರಿದ್ರೆ ಮೂರು ಜನ. ಹೊಗಳಿರೋರು ನೂರೈವತ್ತು. ಮಾತಿಗೆ ಅರ್ಥ ಕೊಡೋರು ಯಾರು, ಸತ್ತುಹೋದ ಲ್ಯಾಟಿನ್ನಿನವರಾ, ಈ ಬೀದಿಯವರಾ? ಯೋಚನೆ ಮಾಡಿದೆ. ಆಮೇಲೇ ಪೇಂಟರನ್ನ ಕರೆಸಿದ್ದು."

"ಗೊತ್ತಿದ್ದೇ ಬರೆಸಿದ್ರಾ?"

"ಗೊತ್ತಿದ್ದೇ. ನಿಮ್ಮ ಬೋರ್ಡೂ ಹಾಗೇ ಅಲ್ವಾ ಇರೋದು?"

ಅಧ್ಯಕ್ಷರು ಜೇಬಿನಿಂದ ಆ ಕಾಗದ ತೆಗೆದರು. ಅಲ್ಲಲ್ಲಿ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. ಬೀದಿ ದೀಪ, ಚರಂಡಿ, ಬೀಗದ ಕೈ, ಸಭೆ. ದೀಪದ ಪಕ್ಕ ಒಂದು ಗುರುತು ಹಾಕಿದ್ದರು. "ನೈಸ್ ಅನ್ನೋದನ್ನ ಬಿಟ್ಟು ಓದಿದ್ರೆ ಇದು ಕೆಲಸದ ಪಟ್ಟಿ. ಇಪ್ಪತ್ತು ವರ್ಷದಲ್ಲಿ ಯಾರೂ ಎದುರಿಗೆ ಹೇಳಿರಲಿಲ್ಲ. ದೀಪ ನಿನ್ನೆ ಹಾಕಿಸಿದೆ. ಚರಂಡಿಯವರು ಸೋಮವಾರ ಬರ್ತಾರೆ. ಅರ್ಜಿ ಮಾತ್ರ, ನಿಜ ಹೇಳ್ತೀನಿ, ವಿಷಯ ಗೊತ್ತಾದ ಮೇಲೆ ಮತ್ತೆ ಹಾಕೋಣ ಅನ್ನಿಸ್ತು. ಎಲ್ಲರ ಮುಂದೆ ಕೊಟ್ಟ ಮಾತು, ನಾಚಿಕೆ ಆಯ್ತು. ಆದ್ರೆ ಒಂದು ಐಟಂ ನೀವು ಬರೀಲೇ ಇಲ್ಲ." ಒರೆಸುತ್ತಿದ್ದ ಷೂವನ್ನು ಎತ್ತಿ ತೋರಿಸಿದರು. ಅರ್ಧ ಕಪ್ಪು, ಅರ್ಧ ಬಿಳಿ. "ಇದಕ್ಕೆ ಯಾರು ನೈಸ್?"

ಅಕ್ಕ ಗಿರಣಿಗೆ ಬಂದು ಗಂಡನನ್ನು ಎಬ್ಬಿಸಿದಳು. ಅವರು ಮೂರು ದಿನ ಕೂತು, ದಪ್ಪ ಬಟ್ಟೆಯಲ್ಲಿ ಉದ್ದನೆಯ ಕಾಲುಚೀಲದಂಥದ್ದೊಂದು ಹೊಲಿದು, ಹಿಟ್ಟು ಬೀಳುವ ಬಾಯಿಗೆ ಕಟ್ಟಿದರು. ಬೀದಿ ಕಡೆಗೆ ಗೋಣಿತಟ್ಟು ಇಳಿಬಿಟ್ಟು, ಎರಡು ಗಂಟೆಗೊಮ್ಮೆ ನೀರು ಚಿಮುಕಿಸುವ ಏರ್ಪಾಡು ಮಾಡಿದರು. ಧೂಳು ಮುಕ್ಕಾಲು ಪಾಲು ಕಡಿಮೆಯಾಯಿತು. ಉಳಿದ ಕಾಲು ಪಾಲನ್ನು ಅಧ್ಯಕ್ಷರು ಹೊಟ್ಟೆಗೆ ಹಾಕಿಕೊಂಡರು. ವಿಷಯವೆಲ್ಲ ಮುಗಿಯಿತೆಂದು ಖಾತ್ರಿಯಾದ ಮೇಲೆ ಮೇಷ್ಟ್ರು ಡಬ್ಬ ಹೊತ್ತು ಪ್ರತ್ಯಕ್ಷರಾದರು. ಅಕ್ಕ ಅವರ ಗೋಧಿಯನ್ನು ಬೇಕೆಂದೇ ಎಲ್ಲರಿಗಿಂತ ಕೊನೆಗೆ ಬೀಸಿದಳು.

ಮುಂದಿನ ವರ್ಷ ಗಿರಣಿಗೆ ಮೂವತ್ತು ತುಂಬಿತು. ಈ ಸಲ ಸನ್ಮಾನ ಅಕ್ಕನಿಗೆ, ಮಾತು ಅಧ್ಯಕ್ಷರದು. ಅದಕ್ಕೆ ಹದಿನೈದು ದಿನ ಮೊದಲಿನಿಂದ ಮೇಷ್ಟ್ರು ಷೂ ಅಂಗಡಿಯಲ್ಲಿ ಕಾಣಿಸಿಕೊಳ್ಳತೊಡಗಿದರು. ಒಂದೇ ಜೊತೆ ಚಪ್ಪಲಿಯನ್ನು ದಿನವೂ ಹಾಕಿ ನೋಡುತ್ತಿದ್ದರು. ಒಳಗಿನಿಂದ ನಗು ಕೇಳಿಸುತ್ತಿತ್ತು. ಅಕ್ಕ ಕೇಳಿದರೆ, "ಕಾಲಿಗೆ ಸರಿಹೋಗ್ತಿಲ್ಲಮ್ಮ" ಅನ್ನುತ್ತಿದ್ದರು.

ಸನ್ಮಾನದ ದಿನ ಅದೇ ಹಾಲು, ಅದೇ ಕುರ್ಚಿ, ಅದೇ ನೂರೈವತ್ತು ಜನ. ಅಧ್ಯಕ್ಷರು ಮೈಕು ಹಿಡಿದು, ಮೂರೇ ಸಾಲು ಹೇಳಿದರು. "ನಮ್ಮ ಗಿರಣಿ ಅಕ್ಕನಂಥ ಸಿಲ್ಲಿ ಹೆಂಗಸನ್ನ ನಾನು ನೋಡಿಲ್ಲ. ಮೂವತ್ತು ವರ್ಷದಿಂದ ಅವರು ಸಿಲ್ಲಿ, ಅವರ ಯಜಮಾನ್ರು ಸಿಲ್ಲಿ, ಆ ಗಿರಣಿಯ ಕಲ್ಲು ಕೂಡ ಸಿಲ್ಲಿ. ಅವರು ಹೀಗೇ ಸಿಲ್ಲಿಯಾಗಿ ನೂರು ವರ್ಷ ಇರಲಿ." ಅಷ್ಟು ಹೇಳಿ ಹೋಗಿ ಕೂತರು.

ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ನಾದಿನಿ ಎದ್ದು ನಿಂತು, "ಇದೇನು ಮಾತು," ಎಂದು ಗದರಿದಳು. ಅಕ್ಕ ಪಕ್ಕದ ಕುರ್ಚಿಯಲ್ಲಿದ್ದ ಮೇಷ್ಟ್ರ ಕಡೆ ನೋಡಿದಳು. ಮೇಷ್ಟ್ರು ಪಕ್ಕಕ್ಕೆ ಬಾಗಿ ಆಕೆಯ ಕಿವಿಯಲ್ಲಿ ಹೇಳಿದರು. "ಎಂಟುನೂರು ವರ್ಷದ ಹಿಂದೆ ಸಿಲ್ಲಿ ಅಂದ್ರೆ ಪುಣ್ಯವಂತರು ಕಣಮ್ಮ. ದೇವರ ಆಶೀರ್ವಾದ ಇರೋರು. ಅಲ್ಲಿಂದ ಮುಗ್ಧರು, ಅಲ್ಲಿಂದ ಪಾಪದವರು, ಅಲ್ಲಿಂದ ಪೆದ್ದರು ಅಂತ ಜಾರುತ್ತಾ ಬಂತು. ನೈಸ್ ಮೆಟ್ಟಿಲು ಹತ್ತಿದ್ರೆ ಸಿಲ್ಲಿ ಇಳೀತು."

ಅಕ್ಕ ಒಂದು ಕ್ಷಣ ಲೆಕ್ಕ ಹಾಕಿದಳು. ಅಧ್ಯಕ್ಷರದೇ ಲೆಕ್ಕದ ಪ್ರಕಾರ, ಆಶೀರ್ವಾದ ಕೇಳಿಸಿಕೊಂಡವರು ಮೂರು ಜನ, ಬೈಗುಳ ಕೇಳಿಸಿಕೊಂಡವರು ನೂರೈವತ್ತು. ಎದುರಿಗೆ ಅಧ್ಯಕ್ಷರು ಆಕೆಯ ಮುಖವನ್ನೇ ನೋಡುತ್ತ, ಅಮಾಯಕರ ಹಾಗೆ ಕೈಕಟ್ಟಿ ಕೂತಿದ್ದರು. ಆಕೆಗೆ ನಗು ಉಕ್ಕಿ ಬಂತು. ಕುರ್ಚಿಯ ಕೈ ಹಿಡಿದು, ಬಗ್ಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಳುತ್ತಿದ್ದಾಳೆಂದು ತಿಳಿದು ಹಣ್ಣಿನವಳು ಬಂದು ಬೆನ್ನು ಸವರಿದಳು.

ಮರುದಿನ ಬೆಳಗ್ಗೆ ಗಿರಣಿಯ ಮುಂದೆ ಎಂದಿಗಿಂತ ಉದ್ದದ ಸಾಲು. ಎಲ್ಲರ ಮುಖದಲ್ಲೂ ಕನಿಕರ. "ಅಷ್ಟು ಜನರ ಮುಂದೆ ಹಾಗಂದ್ರಲ್ಲ ಅಕ್ಕ, ನೀವು ಸುಮ್ಮನಿದ್ರಲ್ಲ," ಎಂದು ಒಬ್ಬೊಬ್ಬರಾಗಿ ಡಬ್ಬ ಇಳಿಸಿದರು. ಅಕ್ಕ ಕೆಲವರಿಗೆ ಪದದ ಕಥೆಯನ್ನು ಬೆಲ್ಟಿನ ಸದ್ದಿಗಿಂತ ಜೋರಾಗಿ ಪೂರ್ತಿ ವಿವರಿಸಿದಳು. ಕೆಲವರಿಗೆ ನಿಟ್ಟುಸಿರು ಬಿಟ್ಟು, "ಏನ್ ಮಾಡೋದು" ಅಂದಳು. ಯಾರಿಗೆ ಕಥೆ, ಯಾರಿಗೆ ನಿಟ್ಟುಸಿರು ಎನ್ನುವುದನ್ನು ಅವರು ತಂದ ಗೋಧಿಯಲ್ಲಿ ಎಷ್ಟು ಕಲ್ಲಿದೆ ಎಂದು ಕೈಯಾಡಿಸಿ ನೋಡಿ ತೀರ್ಮಾನಿಸುತ್ತಿದ್ದಳು: ಶುಚಿ ಗೋಧಿಗೆ ಕಥೆ, ಕಲ್ಲು ಗೋಧಿಗೆ ನಿಟ್ಟುಸಿರು.